ಒಂದೇ ವೈರಸ್, ಎರಡು ಬಗೆಯ ಮುಪ್ಪು

ಎಚ್‌ಐವಿ ಸೋಂಕು ತಗುಲಿದವರ ಮುಪ್ಪನ್ನು ಕುರಿತು ಯಾರಾದರೂ 1990ರಲ್ಲಿ ಲೇಖನ ಬರೆದಿದ್ದರೆ ವಾಚಕರು ಅದನ್ನು ವಿಚಿತ್ರವೆಂದೇ ಭಾವಿಸುತ್ತಿದ್ದರು. ಆ ಕಾಲದಲ್ಲಿ ಸೋಂಕು ತಗುಲಿದವರಲ್ಲಿ ಮುಪ್ಪಿನವರೆಗೆ ಬದುಕಿ ಉಳಿಯುತ್ತಿದ್ದವರೇ ವಿರಳ. 1981ರ ಜೂನ್ ತಿಂಗಳಲ್ಲಿ, ಅಮೆರಿಕದ ಲಾಸ್ ಏಂಜಲಿಸ್ ನಗರದ ಐವರು ಯುವಕರಿಗೆ ಅಪರೂಪದ ನ್ಯುಮೋನಿಯ ಬಂದಿತೆಂಬ ಒಂದು ಸಣ್ಣ ವರದಿಯೊಡನೆ ಏಡ್ಸ್ ರೋಗದ ಇತಿಹಾಸ ಪ್ರಾರಂಭವಾಗುತ್ತದೆ. ಎರಡು ವರ್ಷಗಳ ತರುವಾಯ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ, ಲೂಕ್ ಮಾಂಟನ್ಯೇ ಮತ್ತು ಅವರ ಸಹೋದ್ಯೋಗಿಗಳು ರೋಗಕ್ಕೆ ಕಾರಣವಾದ ವೈರಸನ್ನು ಬೇರ್ಪಡಿಸಿದರು. 1986ರಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರು ಮದರಾಸಿನಲ್ಲಿ ರಕ್ತಪರೀಕ್ಷೆ ನಡೆಸಿ, ಆ ವೈರಸ್ ಭಾರತಕ್ಕೂ ಬಂದಿದೆಯೆಂದು ತೋರಿಸಿದರು. ಅಮೆರಿಕದ ಮೊದಲ ವರದಿಯಲ್ಲಿದ್ದ ಐವರೂ ಪುರುಷರು. ಭಾರತದಲ್ಲಿ ಮೊದಲು ಪತ್ತೆಯಾದವರು ಸ್ತ್ರೀಯರು. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

1996ರ ಸುಮಾರಿಗೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಳಕೆಗೆ ಬಂದಿತು. ಭಾರತ ಸರ್ಕಾರವು 2004ರ ಏಪ್ರಿಲ್ 1ರಿಂದ, ಕರ್ನಾಟಕವೂ ಸೇರಿದಂತೆ ರೋಗ ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿಯೂ ದೆಹಲಿಯಲ್ಲಿಯೂ ಆ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. 2004ರಲ್ಲಿ 40ನೆಯ ವಯಸ್ಸಿನಲ್ಲಿ ಮಾತ್ರೆ ಹಿಡಿದ ಹೆಂಗಸಿಗೆ 2024ರಲ್ಲಿ 60 ತುಂಬಿತು. ಅಮೆರಿಕದಲ್ಲಂತೂ ಈಗ ಎಚ್‌ಐವಿ ಪತ್ತೆಯಾಗಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 50 ದಾಟಿದವರು. (ಈ ಸೋಂಕಿನ ವಿಷಯದಲ್ಲಿ 50 ದಾಟಿದವರನ್ನೇ ವೃದ್ಧರೆಂದು ಎಣಿಸುವುದು ವೈದ್ಯರ ವಾಡಿಕೆ, ಆ ವಯಸ್ಸಿನ ವಾಚಕರು ಮನ್ನಿಸಬೇಕು.)

ಇವರಲ್ಲಿ ಸ್ತ್ರೀಯರೂ ಇದ್ದಾರೆ, ಪುರುಷರೂ ಇದ್ದಾರೆ. ವೈರಸ್ ಒಂದೇ, ನುಂಗುವ ಮಾತ್ರೆಯೂ ಒಂದೇ. ಹಾಗಿದ್ದಮೇಲೆ ಇಬ್ಬರ ಆರೋಗ್ಯವೂ ಒಂದೇ ದಾರಿಯಲ್ಲಿ ಸಾಗಬೇಕಲ್ಲವೆ? ಸಾಗುವುದಿಲ್ಲ. ಅದು ಏಕೆ ಎಂಬುದೇ ಈ ಲೇಖನದ ವಿಷಯ. ನಾವು ಭೌತವಿಜ್ಞಾನವನ್ನು ಬೋಧಿಸುವವರೇ ಹೊರತು ವೈದ್ಯರಲ್ಲ. ಆದರೆ ಈ ವಿಷಯದ ಒಳಹೊಕ್ಕು ನೋಡಿದಾಗ ನಮಗೆ ಎದುರಾದುದು ನಮ್ಮ ಪ್ರಯೋಗಶಾಲೆಯ ಮೊದಲ ಪಾಠವೇ. ವರ್ನಿಯರ್ ಕ್ಯಾಲಿಪರ್ಸಿನ ಎರಡು ದವಡೆಗಳನ್ನೂ ಕೂಡಿಸಿ ಶೂನ್ಯದೋಷವನ್ನು ನೋಡದೆ ಗುಂಡಿನ ವ್ಯಾಸವನ್ನು ಬರೆದಿಟ್ಟ ವಿದ್ಯಾರ್ಥಿಯ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಉತ್ತರ ಸರಿಯಾಗುವುದಿಲ್ಲ. ಎಚ್‌ಐವಿಯ ಚಿಕಿತ್ಸೆಯಲ್ಲಿ ಬಳಕೆಗೆ ಬಂದ ಅಳತೆಗೋಲುಗಳು ಹಲವು. ಅವುಗಳಲ್ಲಿ ಬಹಳಷ್ಟರ ಮೇಲೆ ಗೀರು ಹಾಕಿದ್ದು ಪುರುಷರ ದೇಹವನ್ನು ನೋಡಿ.

ವೈರಸ್ಸಿನ ಎಣಿಕೆ

ಎಚ್‌ಐವಿ ಹೊಕ್ಕು ನಾಶಮಾಡುವುದು ಸಿಡಿ4 ಎಂಬ ಗುರುತುಳ್ಳ ಬಿಳಿಯ ರಕ್ತಕಣಗಳನ್ನು. ರೋಗನಿರೋಧದ ಕಾರ್ಯದಲ್ಲಿ ಇವು ದಳಪತಿಗಳಿದ್ದಂತೆ. ಇವುಗಳ ಸಂಖ್ಯೆ ಇಳಿದಂತೆಲ್ಲ ಕ್ಷಯವೇ ಮೊದಲಾದ ರೋಗಗಳಿಗೆ ದಾರಿ ತೆರೆಯುತ್ತದೆ. ಮಾತ್ರೆಗಳು ವೈರಸ್ಸಿನ ವೃದ್ಧಿಯನ್ನು ನಿಲ್ಲಿಸುತ್ತವೆ, ಬೇರುಸಹಿತ ಕೀಳುವುದಿಲ್ಲ. ಕೆಲವು ಜೀವಕೋಶಗಳ ಒಳಗೆ ವೈರಸ್ಸಿನ ಆನುವಂಶಿಕ ಬರಹ ಅಡಗಿ ಕುಳಿತಿರುತ್ತದೆ. ಮಾತ್ರೆಯನ್ನು ಆಜೀವ ಪರ್ಯಂತ ನುಂಗಬೇಕಾಗಿರುವುದು ಅದಕ್ಕಾಗಿಯೇ.

ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಎಣಿಸುವ ವಿಧಾನ 1990ರ ದಶಕದಲ್ಲಿ ಬಳಕೆಗೆ ಬಂದಿತು. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ವೈರಸ್ಸಿನ ಎಷ್ಟು ಪ್ರತಿಗಳಿವೆಯೆಂಬುದು ಇದರ ಮಾನ. ಎಣಿಕೆ ಹೆಚ್ಚಿದಷ್ಟೂ ರೋಗ ಬೇಗ ಉಲ್ಬಣಿಸುವುದೆಂದು ತಿಳಿದಿತ್ತು. ಆದಕಾರಣ, ಎಣಿಕೆ ಇಂತಿಷ್ಟನ್ನು ಮೀರಿದಾಗ ಚಿಕಿತ್ಸೆ ಆರಂಭಿಸಬೇಕು ಎಂದು ಅಮೆರಿಕದ ವೈದ್ಯರು ಒಂದು ಗೆರೆ ಎಳೆದರು. 20,000 ಪ್ರತಿಗಳು ಎಂಬುದು ಅಂಥ ಒಂದು ಗೆರೆ.

ಬಾಲ್ಟಿಮೋರ್ ನಗರದಲ್ಲಿ ಸೋಂಕು ತಗುಲಿದ ದಿನದಿಂದಲೇ ಅನುಸರಿಸಿಕೊಂಡು ಬಂದಿದ್ದ 156 ಪುರುಷರು ಮತ್ತು 46 ಸ್ತ್ರೀಯರ ವಿವರಗಳು 2001ರಲ್ಲಿ ಪ್ರಕಟವಾದುವು. ಸೋಂಕಿನ ಆರಂಭದಲ್ಲಿ ಪುರುಷರ ಮಧ್ಯಾಂಕ 50,766 ಪ್ರತಿಗಳು. ಸ್ತ್ರೀಯರದು ಕೇವಲ 15,103. ಹಾಗಾದರೆ ಸ್ತ್ರೀಯರಿಗೆ ಏಡ್ಸ್ ತಡವಾಗಿ ಬಂದಿತೆ? ಇಲ್ಲ, ಇಬ್ಬರಿಗೂ ಒಂದೇ ವೇಗದಲ್ಲಿ ಬಂದಿತು. ಇಪ್ಪತ್ತು ಸಾವಿರದ ಗೆರೆಯನ್ನು ಹಿಡಿದು ನೋಡಿದರೆ, ಮೊದಲ ಭೇಟಿಯಲ್ಲಿಯೇ ನೂರು ಪುರುಷರಲ್ಲಿ 74 ಮಂದಿ ಚಿಕಿತ್ಸೆಗೆ ಅರ್ಹರಾಗುತ್ತಿದ್ದರು; ನೂರು ಸ್ತ್ರೀಯರಲ್ಲಿ 37 ಮಂದಿ ಮಾತ್ರ. ಉಪಕರಣ ಸರಿಯಾಗಿಯೇ ಎಣಿಸುತ್ತಿತ್ತು. ಗೆರೆ ಮಾತ್ರ ಒಬ್ಬರ ದೇಹಕ್ಕೆ ಎಳೆದದ್ದಾಗಿತ್ತು. ಎಣಿಕೆ ಎಷ್ಟೇ ಇರಲಿ, ಸೋಂಕು ಕಂಡವರೆಲ್ಲರಿಗೂ ಚಿಕಿತ್ಸೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2015ರಲ್ಲಿ. ಭಾರತ ಆ ನೀತಿಯನ್ನು 2017ರಲ್ಲಿ ಅಂಗೀಕರಿಸಿತು. ಅಲ್ಲಿಗೆ ಆ ಗೆರೆ ಅಳಿಸಿಹೋಯಿತು.

ಸ್ತ್ರೀಯರಲ್ಲಿ ವೈರಸ್ ಕಡಿಮೆಯಿದ್ದೂ ಹಾನಿ ಸಮನಾಗಿರುವುದೇಕೆ? ನಮ್ಮ ದೇಹದ ಕೆಲವು ಕಾವಲು ಕೋಶಗಳಲ್ಲಿ ಟಿಎಲ್‌ಆರ್7 ಎಂಬ ಒಂದು ಪ್ರೋಟೀನು ಉಂಟು. ವೈರಸ್ಸಿನ ಆರ್‌ಎನ್‌ಎ ಎಳೆ ಕಂಡೊಡನೆ ಅದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಕೋಶವು ಇಂಟರ್‌ಫೆರಾನ್ ಎಂಬ ರಸವನ್ನು ಸ್ರವಿಸುತ್ತದೆ. 2009ರಲ್ಲಿ ಬಾಸ್ಟನ್ನಿನ ಮಾರ್ಕುಸ್ ಆಲ್ಟ್‌ಫೆಲ್ಡ್ ಅವರ ತಂಡ, ಒಂದೇ ಪ್ರಮಾಣದ ಎಚ್‌ಐವಿಗೆ ಸ್ತ್ರೀಯರ ಕಾವಲು ಕೋಶಗಳು ಪುರುಷರವಕ್ಕಿಂತ ಹೆಚ್ಚು ಇಂಟರ್‌ಫೆರಾನನ್ನು ಹೊರಬಿಡುತ್ತವೆಂದು ತೋರಿಸಿತು. ಈ ಟಿಎಲ್‌ಆರ್7ನ ಜೀನು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಸ್ತ್ರೀಯರಲ್ಲಿ ಎಕ್ಸ್ ವರ್ಣತಂತು ಎರಡಿರುವುದಷ್ಟೆ. ಅವುಗಳಲ್ಲಿ ಒಂದು ಮೌನವಾಗಿರುವುದು ನಿಯಮ. ಆದರೆ ಕೆಲವು ರೋಗನಿರೋಧಕ ಕೋಶಗಳಲ್ಲಿ ಈ ಜೀನು ಮಾತ್ರ ಮೌನ ಮುರಿದು, ಎರಡೂ ಕಡೆಯಿಂದ ಕೆಲಸ ಮಾಡುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಕಂಡುಕೊಂಡರು.

ಗಂಟೆ ಜೋರಾಗಿ ಬಾರಿಸಿದರೆ ಕಳ್ಳ ಬೇಗ ಸಿಕ್ಕಾನು. ಸೋಂಕಿನ ಮೊದಲ ದಿನಗಳಲ್ಲಿ ಅದು ಅನುಕೂಲವೇ. ಆದರೆ ಇಪ್ಪತ್ತು ವರ್ಷಕಾಲ ಗಂಟೆ ಬಡಿಯುತ್ತಲೇ ಇದ್ದರೆ ಮನೆಯವರಿಗೆ ನೆಮ್ಮದಿ ಎಲ್ಲಿಯದು? ಮಾತ್ರೆ ನುಂಗಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದ ಮೇಲೆಯೂ ದೇಹದಲ್ಲಿ ಸಣ್ಣಗೆ ಹೊಗೆಯಾಡುವ ಉರಿಯೂತ ಪೂರ್ಣವಾಗಿ ಆರುವುದಿಲ್ಲ. ಅದರ ಕೆಲವು ರಾಸಾಯನಿಕ ಗುರುತುಗಳು ಸ್ತ್ರೀಯರ ರಕ್ತದಲ್ಲಿ ಹೆಚ್ಚಾಗಿ ಕಂಡುಬಂದಿವೆ.

ಹೃದಯ

ಬಾಸ್ಟನ್ನಿನ ಎರಡು ದೊಡ್ಡ ಆಸ್ಪತ್ರೆಗಳ ದಾಖಲೆಗಳನ್ನು ಹೋಲಿಸಿ 2007ರಲ್ಲಿ ಒಂದು ವರದಿ ಹೊರಬಂದಿತು. ಎಚ್‌ಐವಿ ಇದ್ದ 3,851 ಮಂದಿ ಒಂದು ಕಡೆ. ಸೋಂಕಿಲ್ಲದ ಹತ್ತು ಲಕ್ಷಕ್ಕೂ ಮಿಕ್ಕ ಜನ ಇನ್ನೊಂದು ಕಡೆ. ಸೋಂಕಿದ್ದ ಪುರುಷರಲ್ಲಿ ಹೃದಯಾಘಾತ, ಸೋಂಕಿಲ್ಲದ ಪುರುಷರಿಗಿಂತ 1.40 ಪಟ್ಟು ಹೆಚ್ಚಾಗಿತ್ತು. ಸೋಂಕಿದ್ದ ಸ್ತ್ರೀಯರಲ್ಲಿ, ಸೋಂಕಿಲ್ಲದ ಸ್ತ್ರೀಯರಿಗಿಂತ 2.98 ಪಟ್ಟು!

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವಿದ್ಯಾರ್ಥಿಗಳು ಮಾತ್ರವಲ್ಲ, ಪತ್ರಿಕೆಯವರೂ ಎಡವುವ ಸ್ಥಳವಿದು. ಮೂರು ಪಟ್ಟು ಎಂದರೆ ಸ್ತ್ರೀಯರಿಗೆ ಪುರುಷರಿಗಿಂತ ಹೆಚ್ಚು ಹೃದಯಾಘಾತವಾಗುತ್ತದೆಂದು ಅರ್ಥವಲ್ಲ. ನಡುವಯಸ್ಸಿನ ಪುರುಷರಲ್ಲಿ ಹೃದಯಾಘಾತ ಮೊದಲೇ ಹೆಚ್ಚು, ಸ್ತ್ರೀಯರಲ್ಲಿ ಕಡಿಮೆ. ಸ್ತ್ರೀಯರಿಗೆ ಪ್ರಕೃತಿ ಕೊಟ್ಟಿದ್ದ ಆ ರಿಯಾಯಿತಿಯನ್ನು ಸೋಂಕು ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ ಎಂಬುದೇ ಇದರ ಇಂಗಿತ. ಅಪಾಯ ಇಲ್ಲಿಯೇ ಇದೆ. ಐವತ್ತರ ಹೆಂಗಸು ಎದೆ ಹಿಡಿದುಕೊಂಡು ಬಂದಾಗ ‘ಗ್ಯಾಸ್ ಇರಬೇಕು’ ಎನ್ನುವ ಹಳೆಯ ರೂಢಿ, ಆ ರಿಯಾಯಿತಿ ಇನ್ನೂ ಜಾರಿಯಲ್ಲಿದೆಯೆಂದು ನಂಬಿಕೊಂಡಿದೆ.

ಇದಕ್ಕೆ ಪರಿಹಾರದ ಪ್ರಯತ್ನವೂ ನಡೆದಿದೆ. ಭಾರತವೂ ಸೇರಿದಂತೆ ಹನ್ನೆರಡು ದೇಶಗಳಲ್ಲಿ, ಎಚ್‌ಐವಿ ಇರುವ 40ರಿಂದ 75 ವಯಸ್ಸಿನ 7,769 ಮಂದಿಯ ಮೇಲೆ ‘ರಿಪ್ರೀವ್’ ಎಂಬ ಪರೀಕ್ಷೆ ನಡೆಯಿತು. ಅರ್ಧ ಮಂದಿಗೆ ಕೊಲೆಸ್ಟೆರಾಲ್ ಇಳಿಸುವ ಪಿಟವಸ್ಟಾಟಿನ್ ಮಾತ್ರೆ. ಉಳಿದವರಿಗೆ ಅದೇ ಆಕಾರದ ಸಪ್ಪೆ ಮಾತ್ರೆ. ಔಷಧಿ ನುಂಗಿದವರಲ್ಲಿ ಹೃದಯ, ರಕ್ತನಾಳಗಳ ದೊಡ್ಡ ಅವಘಡಗಳು ಶೇಕಡ 35ರಷ್ಟು ಕಡಿಮೆಯಾದುದರಿಂದ 2023ರಲ್ಲಿ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಈ ಪರೀಕ್ಷೆಯಲ್ಲಿ ಸ್ತ್ರೀಯರು ನೂರಕ್ಕೆ 31. ಇಂಥ ಪರೀಕ್ಷೆಗಳ ಮಟ್ಟಿಗೆ ಇದು ಒಳ್ಳೆಯ ಸಂಖ್ಯೆ ಎಂದು ಹೇಳಬೇಕಾಗಿರುವುದೇ ಸೋಜಿಗ. ಏಕೆಂದರೆ ಲೋಕದಲ್ಲಿ ಎಚ್‌ಐವಿಯೊಡನೆ ಬದುಕುತ್ತಿರುವವರಲ್ಲಿ ಸ್ತ್ರೀಯರು ಮತ್ತು ಬಾಲಕಿಯರೇ ನೂರಕ್ಕೆ 53.

ಸ್ತ್ರೀಯರು ಹೊರಗುಳಿದುದಕ್ಕೆ ಕಾರಣಗಳುಂಟು. ಗರ್ಭದಲ್ಲಿರಬಹುದಾದ ಶಿಶುವಿಗೆ ಅಪಾಯವಾದೀತೆಂದು, ಗರ್ಭ ಧರಿಸಬಲ್ಲ ಸ್ತ್ರೀಯರನ್ನು ಔಷಧಿಗಳ ಆರಂಭಿಕ ಪರೀಕ್ಷೆಗಳಿಂದ ದೂರವಿಡಬೇಕೆಂದು ಅಮೆರಿಕದ ಔಷಧ ಇಲಾಖೆ 1977ರಲ್ಲಿ ಸೂಚಿಸಿತ್ತು. 1993ರಲ್ಲಷ್ಟೇ ಅದನ್ನು ಹಿಂತೆಗೆದುಕೊಂಡಿತು. ಏಡ್ಸ್ ಎಂದು ಹೆಸರಿಡಲು ಇರಬೇಕಾದ ರೋಗಗಳ ಪಟ್ಟಿಗೆ ಗರ್ಭಕೊರಳಿನ ಕ್ಯಾನ್ಸರ್ ಸೇರಿದ್ದೂ ಅದೇ 1993ರಲ್ಲಿ. ಅಮೆರಿಕದ ನಾಲ್ಕು ನಗರಗಳಲ್ಲಿ ಪುರುಷರನ್ನು ವರ್ಷಗಟ್ಟಲೆ ಅನುಸರಿಸುವ ಅಧ್ಯಯನ 1984ರಲ್ಲಿ ಆರಂಭವಾಯಿತು. ಸ್ತ್ರೀಯರಿಗಾಗಿ ಅಂಥದೇ ಅಧ್ಯಯನ ಸ್ಥಾಪನೆಯಾದದ್ದು ಸುಮಾರು ಹತ್ತು ವರ್ಷ ತಡವಾಗಿ. ಇವೆರಡೂ ಒಂದಾಗಿ, ಇಬ್ಬರನ್ನೂ ಒಂದೇ ಕ್ರಮದಲ್ಲಿ ಅಳೆಯುವ ಏರ್ಪಾಡಾದದ್ದು 2019ರಲ್ಲಿ.

ಎರಡು ಗೆರೆ ಎಳೆದ ಉದಾಹರಣೆಯೂ ಇಲ್ಲದಿಲ್ಲ. ನಮ್ಮ ದೇಶದಲ್ಲಿ 2004ರಿಂದ ಬಹುಕಾಲ ಬಳಕೆಯಲ್ಲಿದ್ದ ನೆವಿರಪಿನ್ ಎಂಬ ಮಾತ್ರೆ ಕೆಲವರ ಯಕೃತ್ತನ್ನು ಕೆಡಿಸುತ್ತಿತ್ತು. ಸಿಡಿ4 ಸಂಖ್ಯೆ ಸ್ತ್ರೀಯರಲ್ಲಿ 250ನ್ನು, ಪುರುಷರಲ್ಲಿ 400ನ್ನು ಮೀರಿದ್ದರೆ ಈ ಅಪಾಯ ಹೆಚ್ಚೆಂದು 2005ರಲ್ಲಿ ಅಮೆರಿಕದಲ್ಲಿ ಎಚ್ಚರಿಕೆ ಹೊರಟಿತು. ಮಾತ್ರೆ ಒಂದೇ, ಜಾಗ್ರತೆಯ ಗೆರೆ ಎರಡು.

ಮೂಳೆಯನ್ನು ತೂಗುವ ಬಗೆ

ಈಗ ನಮಗೆ ಪ್ರಿಯವಾದ ವಿಷಯಕ್ಕೆ ಬರೋಣ. ಮೂಳೆ ಕಲ್ಲಿನಂತೆ ನಿಶ್ಚಲವಾದ ವಸ್ತುವಲ್ಲ. ಅದನ್ನು ಕರಗಿಸುವ ಕೋಶಗಳೂ ಕಟ್ಟುವ ಕೋಶಗಳೂ ಹಗಲಿರುಳು ದುಡಿಯುತ್ತಿರುತ್ತವೆ. ಕರಗಿಸುವವುಗಳಿಗೆ ಕಡಿವಾಣ ಹಾಕುವ ರಸಗಳಲ್ಲಿ ಈಸ್ಟ್ರೊಜೆನ್ ಮುಖ್ಯವಾದುದು. ಮುಟ್ಟು ನಿಂತಾಗ ಸ್ತ್ರೀಯರಲ್ಲಿ ಅದರ ಮಟ್ಟ ಥಟ್ಟನೆ ಕುಸಿಯುತ್ತದೆ. ಮುಂದಿನ ಕೆಲವು ವರ್ಷಗಳಲ್ಲಿ ಮೂಳೆ ವರ್ಷಕ್ಕೆ ಶೇಕಡ 2ರಷ್ಟು ಸವೆಯುವುದುಂಟು. ಪುರುಷರಲ್ಲಿ ಇಂಥ ಕಡಿದಾದ ಇಳಿಜಾರಿಲ್ಲ. ಅವರದು ನಿಧಾನವಾದ ಇಳಿತ. ಇದರ ಮೇಲೆ ಎಚ್‌ಐವಿಯ ಹೊರೆ. ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಎಂಬ ಔಷಧಿಯುಳ್ಳ ಚಿಕಿತ್ಸೆ ಆರಂಭವಾದ ಮೊದಲ ಒಂದೆರಡು ವರ್ಷಗಳಲ್ಲಿ ಮೂಳೆ ಶೇಕಡ 2ರಿಂದ 6ರವರೆಗೆ ಇಳಿದು, ಬಳಿಕ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಭಾರತದ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ಸುಮಾರಿಗೆ, ಅಮೆರಿಕದಲ್ಲಿ 51ರ ಸುಮಾರಿಗೆ. ಎಂದರೆ ನಮ್ಮ ಹೆಂಗಸರು ಆ ಇಳಿಜಾರಿಗೆ ನಾಲ್ಕೈದು ವರ್ಷ ಮೊದಲೇ ಕಾಲಿಡುತ್ತಾರೆ.

ಬದುಕಿರುವ ಮನುಷ್ಯನ ಮೂಳೆಯನ್ನು ತೂಗುವುದು ಹೇಗೆ? ಕ್ಷ-ಕಿರಣದಿಂದ. ಆದರೆ ಒಂದೇ ಬಗೆಯ ಕ್ಷ-ಕಿರಣ ಸಾಲದು. ಕಿರಣವು ದೇಹವನ್ನು ಹಾದು ಬಂದಾಗ ಅದರ ತೀವ್ರತೆ ಕುಗ್ಗಿರುತ್ತದೆ. ಹಾಗೆ ಕುಗ್ಗಿಸಿದ್ದು ಮೂಳೆ ಎಷ್ಟು, ಮಾಂಸ ಎಷ್ಟು? ಒಂದು ಸಮೀಕರಣ, ಎರಡು ಅಜ್ಞಾತಗಳು! ಬೀಜಗಣಿತ ಓದಿದ ಯಾರಿಗಾದರೂ ಇದು ಬಿಡಿಸಲಾಗದ ಗಂಟು. ಎರಡನೆಯ ಸಮೀಕರಣಕ್ಕಾಗಿ ಬೇರೊಂದು ಶಕ್ತಿಯ ಕ್ಷ-ಕಿರಣವನ್ನು ಹಾಯಿಸುತ್ತಾರೆ. ಕಡಿಮೆ ಶಕ್ತಿಯ ಕಿರಣವನ್ನು ಒಂದು ವಸ್ತು ಎಷ್ಟು ಹೀರಿಕೊಳ್ಳುತ್ತದೆಂಬುದು, ಸ್ಥೂಲವಾಗಿ, ಅದರ ಪರಮಾಣು ಸಂಖ್ಯೆಯ ಘನವನ್ನು ಅವಲಂಬಿಸಿದೆ. ಮಾಂಸದಲ್ಲಿರುವುದು ಹೆಚ್ಚಾಗಿ ಆಕ್ಸಿಜನ್, ಕಾರ್ಬನ್, ಹೈಡ್ರೊಜನ್, ಮೂಳೆಯಲ್ಲಿ ಕ್ಯಾಲ್ಸಿಯಂ. ಆಕ್ಸಿಜನ್ನಿನ ಪರಮಾಣು ಸಂಖ್ಯೆ 8, ಕ್ಯಾಲ್ಸಿಯಮ್ಮಿನದು 20. ಇಪ್ಪತ್ತನ್ನು ಎಂಟರಿಂದ ಭಾಗಿಸಿ ಘನ ಮಾಡಿದರೆ 15ಕ್ಕೂ ಮಿಗಿಲು. ಹೆಚ್ಚು ಶಕ್ತಿಯ ಕಿರಣಕ್ಕಾದರೋ ಮೂಳೆ ಮಾಂಸಗಳ ನಡುವೆ ಇಷ್ಟೊಂದು ಭೇದ ತೋರುವುದಿಲ್ಲ. ಎರಡು ಫಲಿತಾಂಶಗಳನ್ನೂ ಹೋಲಿಸಿ ಯಂತ್ರವು ಮೂಳೆಯ ಪಾಲನ್ನು ಬೇರ್ಪಡಿಸುತ್ತದೆ. ಇದಕ್ಕೆ ಡೆಕ್ಸಾ ಪರೀಕ್ಷೆ ಎಂದು ಹೆಸರು. ರೋಗಿಗೆ ತಗಲುವ ವಿಕಿರಣ ಅತ್ಯಲ್ಪ.

ಈ ಯಂತ್ರದ ಅಳತೆಗೋಲಿನಲ್ಲಿಯೂ ಒಂದು ತಮಾಷೆಯುಂಟು. ಯಂತ್ರ ತೋರಿಸಿದ ಸಂಖ್ಯೆಯನ್ನು 20ರಿಂದ 29 ವಯಸ್ಸಿನ ಆರೋಗ್ಯವಂತರ ಸರಾಸರಿಗೆ ಹೋಲಿಸಿ, ಅದಕ್ಕಿಂತ ಎಷ್ಟು ಮಾನಕ ವಿಚಲನೆ ಕೆಳಗಿದೆಯೆಂದು ಹೇಳುತ್ತಾರೆ. ಎರಡೂವರೆ ವಿಚಲನೆ ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗುವ ರೋಗ, ಅಂದರೆ ಆಸ್ಟಿಯೊಪೊರೋಸಿಸ್, ಎಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಗದಿಮಾಡಿತು. ಆ ಆರೋಗ್ಯವಂತರು ಯಾರು? ಅಮೆರಿಕದ ಬಿಳಿಯ ಯುವತಿಯರು! ಪುರುಷರ ಮೂಳೆಯನ್ನೂ ಇದೇ ಗೋಲಿನಿಂದ ಅಳೆಯಬೇಕೆಂಬುದು ತಜ್ಞಮಂಡಳಿಯೊಂದರ ಶಿಫಾರಸು. ಎಲ್ಲ ಕಡೆಯೂ ಪುರುಷನ ಗೋಲಿನಿಂದ ಸ್ತ್ರೀಯನ್ನು ಅಳೆದರೆ, ಇಲ್ಲೊಂದು ಕಡೆ ಲೆಕ್ಕ ತಿರುಗುಮುರುಗಾಗಿದೆ.

ಇನ್ನೂ ಒಂದು ಸೂಕ್ಷ್ಮವಿದೆ. ಡೆಕ್ಸಾ ಯಂತ್ರ ಅಳೆಯುವುದು ನೆರಳನ್ನು. ಅದು ಹೇಳುವುದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು. ನಾವು ಸಾಂದ್ರತೆಯೆನ್ನುವುದು ಘನ ಸೆಂಟಿಮೀಟರಿನ ಲೆಕ್ಕ. ಒಂದೇ ಸಾಂದ್ರತೆಯ ಎರಡು ಘನಾಕೃತಿಗಳನ್ನು ತೆಗೆದುಕೊಳ್ಳಿ. ಒಂದರ ಅಂಚು 1 ಸೆಂಟಿಮೀಟರ್, ಇನ್ನೊಂದರದು 2. ನೆರಳಿನ ಲೆಕ್ಕದಲ್ಲಿ ದೊಡ್ಡದು ಎರಡು ಪಟ್ಟು ‘ದಟ್ಟ’ವಾಗಿ ಕಾಣುತ್ತದೆ! ಆದುದರಿಂದ ಸಣ್ಣ ಮೈಕಟ್ಟಿನ ಹೆಂಗಸಿನ ಮೂಳೆ ನಿಜವಾಗಿ ಇರುವುದಕ್ಕಿಂತ ತೆಳುವಾಗಿಯೇ ಯಂತ್ರಕ್ಕೆ ತೋರುತ್ತದೆ. ಅಮೆರಿಕದ ಗೋಲಿನಿಂದ ಬಾಗಲಕೋಟೆಯ ಹೆಂಗಸನ್ನು ಅಳೆಯುವಾಗ ಇದನ್ನು ಮರೆಯುವಂತಿಲ್ಲ.

ರಾತ್ರಿಯ ಬೆವರು

ಮುಟ್ಟು ನಿಲ್ಲುವ ಕಾಲಕ್ಕೆ ಸಂಬಂಧಿಸಿದ ಇನ್ನೊಂದು ತೊಡಕು ನಮ್ಮ ದೇಶಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಎಚ್‌ಐವಿ ಇರುವವರನ್ನು ಪ್ರತಿ ಭೇಟಿಯಲ್ಲಿಯೂ ಕ್ಷಯದ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕೆಂಬ ನಿಯಮವಿದೆ: ಕೆಮ್ಮು ಇದೆಯೆ, ಜ್ವರ ಇದೆಯೆ, ತೂಕ ಇಳಿದಿದೆಯೆ, ರಾತ್ರಿ ಬೆವರುತ್ತೀರಾ. ನಾಲ್ವತ್ತೇಳರ ಹೆಂಗಸು ಕೊನೆಯ ಪ್ರಶ್ನೆಗೆ ಹೌದೆನ್ನುತ್ತಾಳೆ. ಅದು ಕ್ಷಯವೋ, ಮುಟ್ಟು ನಿಲ್ಲುವಾಗಿನ ಸೆಕೆಯೋ? ಕ್ಷಯವನ್ನು ಸೆಕೆಯೆಂದು ತಳ್ಳಿಹಾಕಿದರೆ ಪ್ರಾಣಕ್ಕೆ ಅಪಾಯ. ಸೆಕೆಯನ್ನು ‘ವೈರಸ್ ಮತ್ತೆ ಏಳುತ್ತಿದೆ’ ಎಂದೋ ‘ಇದು ಮಾತ್ರೆಯ ಉಷ್ಣ’ ಎಂದೋ ಅವಳು ತಾನೇ ತೀರ್ಮಾನಿಸಿಕೊಂಡರೆ ಮಾತ್ರೆ ಬಿಡುವ ಭಯ. ಇಂಗ್ಲೆಂಡಿನಲ್ಲಿ ಎಚ್‌ಐವಿ ಇರುವ 45ರಿಂದ 60 ವಯಸ್ಸಿನ 869 ಸ್ತ್ರೀಯರನ್ನು 2016–17ರಲ್ಲಿ ವಿಚಾರಿಸಿದಾಗ, ಋತುಬಂಧದ ತೊಂದರೆ ತೀವ್ರವಾಗಿದ್ದವರೇ ಮಾತ್ರೆಯನ್ನು ಹೆಚ್ಚಾಗಿ ತಪ್ಪಿಸುತ್ತಿದ್ದುದು ಕಂಡುಬಂದಿತು. ಮುಟ್ಟಿನ ಮಾತನ್ನು ಮನೆಯಲ್ಲಿಯೇ ಪಿಸುಗುಟ್ಟುವ ನಮ್ಮಲ್ಲಿ, ಅದನ್ನು ಪರಿಚಯವಿಲ್ಲದ ವೈದ್ಯರ ಎದುರಿಗೆ ಹೇಳುವುದು ಎಚ್‌ಐವಿಯ ಮಾತಿಗಿಂತಲೂ ಕಷ್ಟವಾದೀತು.

ಹಾಗೆಂದು ಈ ಕಥೆಯಲ್ಲಿ ನಷ್ಟವೆಲ್ಲ ಸ್ತ್ರೀಯರದೇ ಎಂದು ವಾಚಕರು ತಿಳಿಯಬಾರದು. ಗರ್ಭಿಣಿಯರಿಗೆ ರಕ್ತಪರೀಕ್ಷೆ ಮಾಡುವ ಪದ್ಧತಿಯಿಂದಾಗಿ ಅನೇಕ ಸ್ತ್ರೀಯರ ಸೋಂಕು ಬೇಗ ತಿಳಿಯುತ್ತದೆ. ಪುರುಷರನ್ನು ಆಸ್ಪತ್ರೆಯ ಬಾಗಿಲಿಗೆ ಕರೆತರುವ ಅಂಥ ಸಂದರ್ಭವಿಲ್ಲ. ಮೈ ಸೋತು ಹೋದಮೇಲೆ, ಸಿಡಿ4 ಸಂಖ್ಯೆ ಬಹಳ ಇಳಿದ ಮೇಲೆ ಬರುವವರೇ ಹೆಚ್ಚು. 2023ರಲ್ಲಿ ಲೋಕದಲ್ಲಿ ಎಚ್‌ಐವಿ ಇರುವ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 83 ಮಂದಿಗೆ ಚಿಕಿತ್ಸೆ ದೊರೆತಿತ್ತು. ಪುರುಷರಲ್ಲಿ ನೂರಕ್ಕೆ 72 ಮಂದಿಗೆ ಮಾತ್ರ. ತಡವಾಗಿ ಬಂದವನ ದೇಹ ಮಾತ್ರೆ ಹಿಡಿದ ಮೇಲೂ ಪೂರ್ತಿಯಾಗಿ ಚೇತರಿಸಿಕೊಳ್ಳುವುದು ಕಷ್ಟ. ಮೇಲೆ ಬೀಡಿ, ಸಿಗರೇಟು: 2016–17ರ ಸಮೀಕ್ಷೆಯಂತೆ ಭಾರತದಲ್ಲಿ ಧೂಮಪಾನ ಮಾಡುವವರು ಪುರುಷರಲ್ಲಿ ನೂರಕ್ಕೆ 19, ಸ್ತ್ರೀಯರಲ್ಲಿ 2. ಹೀಗೆ ಮುಪ್ಪನ್ನು ಮುಟ್ಟುವ ಮೊದಲೇ ತೀರಿಕೊಂಡ ಪುರುಷರು ಮುಪ್ಪಿನ ಅಂಕಿಅಂಶಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ವೃದ್ಧ ಸ್ತ್ರೀಯರನ್ನೂ ವೃದ್ಧ ಪುರುಷರನ್ನೂ ಹೋಲಿಸುವಾಗ, ಉಳಿದು ಬಂದವರನ್ನು ಮಾತ್ರ ನಾವು ಹೋಲಿಸುತ್ತಿದ್ದೇವೆ.

ಪೆನ್ಸಿಲಿನಿಂದ ಮಾಡಬಹುದಾದ ಲೆಕ್ಕ

ಭಾರತದಲ್ಲಿ ಎಚ್‌ಐವಿ ಇರುವವರು ಸುಮಾರು 25 ಲಕ್ಷ. ಅವರಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಸ್ತ್ರೀಯರು. ಅಮೆರಿಕದಲ್ಲಿ ಈ ಪಾಲು ಕಾಲುಭಾಗಕ್ಕೂ ಕಡಿಮೆ. ಸೋಂಕಿನವರ ಸಂಖ್ಯೆಯಲ್ಲಿ ಕರ್ನಾಟಕವು ಮಹಾರಾಷ್ಟ್ರ, ಆಂಧ್ರಪ್ರದೇಶಗಳ ತರುವಾಯ ಬರುತ್ತದೆ. ನಮ್ಮಲ್ಲಿ ಗಂಡನಿಂದ ಸೋಂಕು ಪಡೆದು, ಅವನನ್ನು ಕಳೆದುಕೊಂಡು, ಮಕ್ಕಳು ಮೊಮ್ಮಕ್ಕಳನ್ನು ಸಾಕುತ್ತ ಐವತ್ತು ದಾಟಿದ ತಾಯಂದಿರು ಎಷ್ಟೋ ಮಂದಿ. ಇವರ ಮೂಳೆ ಅಳೆಯುವ ಯಂತ್ರ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗುವುದು ದುರ್ಲಭ. ಆದರೆ ಯಂತ್ರವಿಲ್ಲದೆ, ಒಂದು ಪೆನ್ಸಿಲಿನಿಂದ ಮಾಡಬಹುದಾದ ಅಳತೆಯೊಂದಿದೆ. ಅದು ಮೂತ್ರಪಿಂಡದ್ದು.

ಭಾರತದಲ್ಲಿ 2020ರಿಂದ ಹೆಚ್ಚಿನವರಿಗೆ ಕೊಡುತ್ತಿರುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಕೂಡಿದ ಮಾತ್ರೆಯನ್ನು. (ಡೊಲುಟೆಗ್ರಾವಿರ್ ಹಿಡಿದವರಲ್ಲಿ ತೂಕ ಏರುವುದುಂಟು, ದಕ್ಷಿಣ ಆಫ್ರಿಕದ ಪರೀಕ್ಷೆಯೊಂದರಲ್ಲಿ ಆ ಏರಿಕೆ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿತ್ತು.) ಟೆನೊಫೊವಿರ್ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ; ಕೆಲವರಲ್ಲಿ ಅದಕ್ಕೆ ಹಾನಿಮಾಡುತ್ತದೆ. ಆದ್ದರಿಂದ ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಕಲ್ಮಷವನ್ನು ಆಗಾಗ್ಗೆ ಅಳೆಯುತ್ತಾರೆ. ಇದು ಸ್ನಾಯುಗಳಿಂದ ಹುಟ್ಟುವ ವಸ್ತು. ಸ್ನಾಯು ಕಡಿಮೆಯಿರುವವರಲ್ಲಿ ಅದು ಹುಟ್ಟುವುದೇ ಕಡಿಮೆ; ಆದಕಾರಣ ಅವರ ಮೂತ್ರಪಿಂಡ ಸೊರಗಿದರೂ ರಕ್ತದ ಅಂಕಿ ಸಭ್ಯವಾಗಿಯೇ ಕಾಣುತ್ತದೆ. ವಯಸ್ಸಾದ, ತೆಳ್ಳಗಿನ ಹೆಂಗಸಿನ ಪಾಡು ಇದೇ.

1976ರಲ್ಲಿ ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ವೈದ್ಯರು ಇದಕ್ಕೊಂದು ಸೂತ್ರ ಕೊಟ್ಟರು. ವಯಸ್ಸನ್ನು 140ರಿಂದ ಕಳೆಯಬೇಕು. ಬಂದದ್ದನ್ನು ಕಿಲೊಗ್ರಾಂ ತೂಕದಿಂದ ಗುಣಿಸಬೇಕು. ಅದನ್ನು, ಕ್ರಿಯಾಟಿನಿನ್ ಅಂಕಿಯ 72 ಪಟ್ಟಿನಿಂದ ಭಾಗಿಸಬೇಕು. ಮೂತ್ರಪಿಂಡವು ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಶೋಧಿಸುತ್ತದೆಂಬುದು ಇದರಿಂದ ಸ್ಥೂಲವಾಗಿ ತಿಳಿಯುತ್ತದೆ. ಸ್ತ್ರೀಯರಿಗಾದರೆ ಉತ್ತರವನ್ನು 0.85ರಿಂದ ಗುಣಿಸಬೇಕು. ಈ 0.85 ಎಲ್ಲಿಂದ ಬಂದಿತು? ಸೂತ್ರ ಹುಟ್ಟಿದ್ದು 249 ರೋಗಿಗಳ ಅಳತೆಯಿಂದ. ಅವರಲ್ಲಿ ಬಹುತೇಕ ಎಲ್ಲರೂ ಪುರುಷರು. ಸ್ತ್ರೀಯರಲ್ಲಿ ಸ್ನಾಯು ಕಡಿಮೆಯಾದುದರಿಂದ ಶೇಕಡ 15 ಕಳೆದರೆ ಸರಿಹೋದೀತೆಂದು ಅಂದಾಜು ಕಟ್ಟಿ ಸೇರಿಸಿದ ಅಂಕಿ ಅದು. ಆದರೂ, ಇಲ್ಲದಿರುವುದಕ್ಕಿಂತ ಅದು ಲೇಸು.

62 ವಯಸ್ಸಿನ, 65 ಕಿಲೊ ತೂಕದ ಪುರುಷನೊಬ್ಬನ ಕ್ರಿಯಾಟಿನಿನ್ 1.0 ಇರಲಿ. ಸೂತ್ರದಂತೆ ಉತ್ತರ ಸುಮಾರು 70. ಅದೇ ವಯಸ್ಸಿನ, 45 ಕಿಲೊ ತೂಕದ ಹೆಂಗಸಿನ ಕ್ರಿಯಾಟಿನಿನ್ ಕೂಡ 1.0 ಇರಲಿ. ಉತ್ತರ ಸುಮಾರು 41. ಇದು 50ಕ್ಕಿಂತ ಕೆಳಗಿಳಿದರೆ ಟೆನೊಫೊವಿರ್ ಡೈಸೊಪ್ರಾಕ್ಸಿಲನ್ನು ಎಂದಿನಂತೆ ದಿನಕ್ಕೊಂದರಂತೆ ಕೊಡುವುದು ಸಲ್ಲದು. ಪ್ರಯೋಗಶಾಲೆಯ ಚೀಟಿಯಲ್ಲಿ ಇಬ್ಬರದೂ 1.0, ಇಬ್ಬರದೂ ಸಾಮಾನ್ಯ ಮಿತಿಯ ಒಳಗೇ. ಡೊಲುಟೆಗ್ರಾವಿರ್ ಸಹ, ಮೂತ್ರಪಿಂಡಕ್ಕೆ ತೊಂದರೆ ಕೊಡದೆಯೇ, ಕ್ರಿಯಾಟಿನಿನ್ನನ್ನು ಕೊಂಚ ಏರಿಸುವುದರಿಂದ ವೈದ್ಯರು ಇದೊಂದೇ ಲೆಕ್ಕವನ್ನು ನಂಬದೆ ಮೂತ್ರಪರೀಕ್ಷೆಯನ್ನೂ ಮಾಡಿಸಿ ನಿರ್ಧರಿಸುತ್ತಾರೆ. ರೋಗಿ ತಾನಾಗಿ ಮಾತ್ರೆ ನಿಲ್ಲಿಸುವುದು ಯಾವ ಕಾಲಕ್ಕೂ ಕೂಡದು.

ಮೇಲೆ ಹೇಳಿದ, 2004ರಲ್ಲಿ 40 ವಯಸ್ಸಾಗಿದ್ದ ಹೆಂಗಸಿಗೆ ಬೇಕಾದ ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬಹುದು. ಅಂದು ಅವಳ ತೂಕ 50 ಕಿಲೊ, ಕ್ರಿಯಾಟಿನಿನ್ 0.8 ಎಂದಿಟ್ಟುಕೊಳ್ಳಿ: ಉತ್ತರ ಸುಮಾರು 74. ಇಪ್ಪತ್ತು ವರ್ಷಗಳ ತರುವಾಯ ತೂಕ 46, ಕ್ರಿಯಾಟಿನಿನ್ 1.0: ಉತ್ತರ ಸುಮಾರು 43. ಲೆಕ್ಕಕ್ಕೆ ಬೇಕಾದ ಮೂರು ಅಂಕಿಗಳೂ, ಅಂದರೆ ವಯಸ್ಸು, ತೂಕ ಮತ್ತು ಕ್ರಿಯಾಟಿನಿನ್, ಅವಳ ಚಿಕಿತ್ಸಾ ದಾಖಲೆಯಲ್ಲಿಯೇ ಸಿಗುತ್ತವೆ.